ಹೈಸ್ಕೂಲಿಗೆ ಎರಡು ದಿನದ ದಾರಿ

ಗೌರಿಬಿದನೂರಿನಿಂದ ಬೆಂಗಳೂರಿಗೆ ಬರುವ ಹಳೆಯ ರಸ್ತೆ ದೊಡ್ಡಬಳ್ಳಾಪುರ ದಾಟಿ, ಯಲಹಂಕ ಹಾದು, ಜಕ್ಕೂರನ್ನು ಪಕ್ಕದಲ್ಲಿ ಬಿಟ್ಟು ಹೆಬ್ಬಾಳದ ಕೆರೆಯ ಬಳಿ ಊರನ್ನು ಸೇರುತ್ತದೆ. ಈಗ ಈ ದಾರಿಯ ಕೊನೆಯ ಹತ್ತು ಹನ್ನೆರಡು ಕಿಲೋಮೀಟರು ಮೇಲ್ಸೇತುವೆಗಳ ದಾರಿ. ಕಾರಿನಲ್ಲಿ ಕುಳಿತವರಿಗೆ ಜಕ್ಕೂರು ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. 1935ರಲ್ಲಿ ಹಾಗಿರಲಿಲ್ಲ. ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿಸುವ ಶಾಲೆಯಿರಲಿಲ್ಲ, ವಿಜ್ಞಾನ ಕೇಂದ್ರವಿರಲಿಲ್ಲ. ಕೆರೆ, ಕೆರೆಯ ಕೆಳಗೆ ಗದ್ದೆ, ಸುತ್ತ ಹೊಲ, ನಡುವೆ ಊರು, ಇಷ್ಟೇ.

ಆ ವರ್ಷ ಆ ದಿಕ್ಕಿನಿಂದ ಹದಿನೈದು ವರ್ಷದ ಹುಡುಗನೊಬ್ಬ ಬೆಂಗಳೂರಿಗೆ ನಡೆದುಕೊಂಡು ಬಂದ. ಅವನ ಊರು ಗೌರಿಬಿದನೂರು ತಾಲ್ಲೂಕಿನ ಹೊಸೂರು. (ತಮಿಳುನಾಡಿನ ಗಡಿಯ ಹೊಸೂರು ಬೇರೆ, ಇದು ಬೇರೆ.) ಊರಿನಲ್ಲಿ ಕಲಿಯಬಹುದಾದ್ದನ್ನೆಲ್ಲ ಕಲಿತು ಮುಗಿಸಿದ್ದ. ಮುಂದೆ ಓದಬೇಕೆಂದರೆ ಹೈಸ್ಕೂಲು ಬೇಕು, ಹೈಸ್ಕೂಲು ಊರಿನಲ್ಲಿಲ್ಲ. ಹೊಸೂರಿನಲ್ಲಿ ಅವನಿಗೆ ಪಾಠ ಹೇಳಿದ್ದ ಹೆಡ್ಮಾಸ್ತರರು ಬೆಂಗಳೂರಿಗೆ ವರ್ಗವಾಗಿದ್ದರು. ಅವರಿದ್ದಾರೆಂಬ ಧೈರ್ಯವೊಂದೇ ಅವನ ಬಂಡವಾಳ. ರೈಲಿರಲಿಲ್ಲವೇ? ಇತ್ತು. ಬೆಂಗಳೂರಿನಿಂದ ಗೌರಿಬಿದನೂರು, ಹಿಂದೂಪುರದ ಕಡೆಗೆ ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ರೈಲು ಓಡಾಡುತ್ತಿತ್ತು. ಟಿಕೆಟ್ಟಿಗೆ ಕಾಸಿರಲಿಲ್ಲ, ಅಷ್ಟೆ.

ವಿದ್ಯಾರ್ಥಿಗಳು ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ಹೊಸೂರಿನಿಂದ ಬೆಂಗಳೂರಿಗೆ ಐವತ್ತು ಮೈಲಿಗೆ ಕಡಿಮೆಯಿಲ್ಲ. ಅಂದರೆ 80 ಕಿಲೋಮೀಟರು. ಹದಿನೈದರ ಹುಡುಗ ಹೊಟ್ಟೆ ತುಂಬಿದ್ದಾಗ, ನೆಲ ಚೆನ್ನಾಗಿದ್ದರೆ, ಗಂಟೆಗೆ ಐದು ಕಿಲೋಮೀಟರು ನಡೆದಾನು. ನೀರು, ನೆರಳು, ಕಾಲುನೋವು ಎಲ್ಲ ಸೇರಿದರೆ ನಾಲ್ಕು ಎಂದಿಟ್ಟುಕೊಳ್ಳುವುದು ಕ್ಷೇಮ. ಎಂಬತ್ತನ್ನು ನಾಲ್ಕರಿಂದ ಭಾಗಿಸಿದರೆ ಇಪ್ಪತ್ತು ಗಂಟೆ. ದಿನಕ್ಕೆ ಹತ್ತು ಗಂಟೆಯಂತೆ ಎರಡು ದಿನ. ಆ ಹುಡುಗ ತೆಗೆದುಕೊಂಡದ್ದೂ ಎರಡೇ ದಿನ. ಬಂದು ಸೇರಿದ್ದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ. ಅವನೇ ಮುಂದೆ ನಾಡು ‘ಎಚ್ಚೆನ್’ ಎಂದು ಕರೆದ ಡಾ. ಎಚ್. ನರಸಿಂಹಯ್ಯನವರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಹುಡುಗನ ಛಲವನ್ನು ಹೊಗಳಿ ಅಲ್ಲಿಗೆ ಮುಗಿಸುತ್ತಾರೆ. ಛಲ ದೊಡ್ಡದೇ, ಸಂದೇಹವಿಲ್ಲ. ಆದರೆ ಆ ವರ್ಷ ಮಿಡ್ಲ್ ಸ್ಕೂಲು ಮುಗಿಸಿ, ಊರಿನಲ್ಲಿ ಹೈಸ್ಕೂಲಿಲ್ಲದೆ, ನಡೆದು ಬರಲು ಧೈರ್ಯವೂ ಕರೆಯುವ ಮೇಷ್ಟ್ರೂ ಇಲ್ಲದೆ ಹೊಲಕ್ಕೆ ಇಳಿದ ಮಕ್ಕಳು ಎಷ್ಟೋ. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಮೈಕೆಲ್ ಫ್ಯಾರಡೆ ಹೈಸ್ಕೂಲಿನ ಮುಖ ನೋಡದೆ, ಹದಿನಾಲ್ಕನೆಯ ವಯಸ್ಸಿಗೆ ಪುಸ್ತಕ ಕಟ್ಟುವವನ ಅಂಗಡಿ ಸೇರಿ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಅದೇ ಲಂಡನ್ನಿನಲ್ಲಿ ಪುಸ್ತಕ ಕಟ್ಟುತ್ತಲೇ ಮುದುಕರಾದ ಹುಡುಗರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಇಂಗ್ಲೆಂಡಿನ ಮಾತು ಬಂದದ್ದರಿಂದ ಒಂದು ವಿಷಯ. ನಮ್ಮನ್ನು ಆಳುತ್ತಿದ್ದವರ ಊರುಗಳಲ್ಲಿ 1935ರಲ್ಲಿ ಎಲ್ಲ ಮಕ್ಕಳೂ ಹೈಸ್ಕೂಲಿಗೆ ಹೋಗುತ್ತಿದ್ದರೆಂದು ಭಾವಿಸಿದರೆ ಅದು ತಪ್ಪು. ಅಲ್ಲಿ ಆಗ ಕಾನೂನಿನ ಪ್ರಕಾರ ಮಕ್ಕಳು ಶಾಲೆಯಲ್ಲಿ ಇರಬೇಕಾದದ್ದು ಹದಿನಾಲ್ಕನೆಯ ವಯಸ್ಸಿನವರೆಗೆ ಮಾತ್ರ. ಗಣಿ ಕೆಲಸದವನ ಮಗ, ಗಿರಣಿ ಕೆಲಸದವಳ ಮಗಳು ಹದಿನಾಲ್ಕು ತುಂಬಿದ ಕೂಡಲೇ ದುಡಿಮೆಗೆ ಹೋಗುವುದೇ ವಾಡಿಕೆ. ಊರಿನ ಸೆಕೆಂಡರಿ ಶಾಲೆಗೆ ಫೀಸು ಕೊಡಬೇಕಿತ್ತು. 1907ರಿಂದ ಸರ್ಕಾರದ ನೆರವು ಪಡೆಯುವ ಇಂಥ ಶಾಲೆಗಳು ಕಾಲು ಭಾಗದಷ್ಟು ಸ್ಥಾನಗಳನ್ನು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಫೀಸಿಲ್ಲದೆ ಬಿಡಬೇಕೆಂಬ ನಿಯಮ ಬಂದಿತ್ತು. ಅದೂ ಪರೀಕ್ಷೆಯಲ್ಲಿ ಗೆದ್ದವರಿಗೆ. 1932ರಲ್ಲಿ ಅದಕ್ಕೂ ಕತ್ತರಿ ಬಿದ್ದು, ಅಪ್ಪನ ಸಂಪಾದನೆ ನೋಡಿ ರಿಯಾಯಿತಿ ಕೊಡುವ ಪದ್ಧತಿ ಬಂತು. ಸರ್ಕಾರಿ ಸೆಕೆಂಡರಿ ಶಾಲೆಗಳಲ್ಲಿ ಫೀಸನ್ನೇ ತೆಗೆದುಹಾಕಿ, ಎಲ್ಲ ಮಕ್ಕಳಿಗೂ ಆ ಹಂತದ ಶಿಕ್ಷಣ ಸಿಗಬೇಕೆಂದು ಕಾನೂನು ಮಾಡಿದ್ದು 1944ರಲ್ಲಿ, ಎರಡನೆಯ ಮಹಾಯುದ್ಧದ ಬಾಂಬುಗಳು ಇನ್ನೂ ಬೀಳುತ್ತಿದ್ದಾಗ. ಶಾಲೆ ಬಿಡುವ ವಯಸ್ಸು 1947ರಲ್ಲಿ ಹದಿನೈದಾಯಿತು, 1972ರಲ್ಲಿ ಹದಿನಾರಾಯಿತು. ಆಗಲೂ ಹನ್ನೊಂದನೆಯ ವಯಸ್ಸಿನ ಒಂದೇ ಪರೀಕ್ಷೆಯಿಂದ ‘ಇವನು ಓದುವವನು, ಇವನು ಓದದವನು’ ಎಂದು ಮಕ್ಕಳನ್ನು ಬೇರೆ ಬೇರೆ ಶಾಲೆಗೆ ಅಟ್ಟುತ್ತಿದ್ದರು. ಆ ಅನ್ಯಾಯ ಅವರಿಗೇ ಅರಿವಾಗಿ, 1965ರಿಂದೀಚೆಗೆ ಊರಿನ ಮಕ್ಕಳೆಲ್ಲ ಒಂದೇ ಸೂರಿನಡಿ ಓದುವ ಶಾಲೆಗಳು ಬಹುಪಾಲು ಕಡೆ ಬಂದವು. ಅಂದರೆ ಹೈಸ್ಕೂಲಿನ ಬಾಗಿಲು ಎಲ್ಲಿಯೂ ತಾನಾಗಿ ತೆರೆದುಕೊಂಡಿಲ್ಲ. ತಳ್ಳಿದ ಮೇಲೆಯೇ ತೆರೆದದ್ದು.

ಇಂಗ್ಲೆಂಡಿನ ಊರಿನ ಶಾಲೆಯನ್ನೇ ಎತ್ತಿ ತಂದು ಇಟ್ಟಂಥ ಶಾಲೆಗಳು ಬೆಂಗಳೂರಿನಲ್ಲಿ ಬಹು ಹಿಂದಿನಿಂದ ಇದ್ದವು. ದಂಡು ಪ್ರದೇಶದ ಸೇಂಟ್ ಜೋಸೆಫ್ಸ್ 1858ರದು, ಬಿಷಪ್ ಕಾಟನ್ 1865ರದು, ಬಾಲ್ಡ್‌ವಿನ್ 1880ರದು. ಆದರೆ ಹೊಸೂರಿನ ಹುಡುಗ ನಡೆದದ್ದು ಆ ಕಡೆಗಲ್ಲ. ಅವನು ಊರನ್ನು ಉತ್ತರದಿಂದ ಹೊಕ್ಕು ದಕ್ಷಿಣದ ತುದಿಗೆ ಹೋದ. ಅಲ್ಲಿ ಪ್ಲೇಗಿನ ಹಾವಳಿಯ ನಂತರ ತುಂಬಿಕೊಂಡ ಹೊಸ ಬಡಾವಣೆ ಬಸವನಗುಡಿ. ಅದರಲ್ಲಿ 1917ರಲ್ಲಿ ಶುರುವಾದ ನ್ಯಾಷನಲ್ ಹೈಸ್ಕೂಲು.

ಹೆಸರಿನಲ್ಲೇ ಅದರ ಹುಟ್ಟಿನ ಕಾರಣವಿದೆ. ಸರ್ಕಾರದ ಶಾಲೆ ಗುಮಾಸ್ತರನ್ನು ತಯಾರು ಮಾಡುತ್ತದೆ, ನಮಗೆ ಬೇಕಾದದ್ದು ಬೇರೆ ಬಗೆಯ ಶಿಕ್ಷಣ ಎಂದು ಆನಿ ಬೆಸೆಂಟ್ ಆಗ ದೇಶದ ಉದ್ದಗಲಕ್ಕೂ ಸಾರುತ್ತಿದ್ದರು. ಅದೇ 1917ರ ಜೂನ್‌ನಲ್ಲಿ ಮದರಾಸು ಸರ್ಕಾರ ಆಕೆಯನ್ನು ಉದಕಮಂಡಲದಲ್ಲಿ ನಿರ್ಬಂಧದಲ್ಲಿಟ್ಟಿತು. ಆಕೆಯ ರಾಷ್ಟ್ರೀಯ ಶಿಕ್ಷಣದ ಚಳವಳಿಯ ಕುಡಿಯಾಗಿ ಬೆಳೆದದ್ದು ಬಸವನಗುಡಿಯ ಈ ಶಾಲೆ. ಇಂಗ್ಲೆಂಡಿನ ಹೆಣ್ಣುಮಗಳೊಬ್ಬಳ ಪ್ರೇರಣೆಯಿಂದ, ಇಂಗ್ಲಿಷ್ ಮಾದರಿಗೆ ಎದುರಾಗಿ, ಕನ್ನಡನಾಡಿನಲ್ಲಿ ಒಂದು ಹೈಸ್ಕೂಲು ಎದ್ದಿತು. ಚರಿತ್ರೆಯ ಇಂಥ ತಿರುವುಗಳನ್ನು ಪಠ್ಯಪುಸ್ತಕಗಳು ಯಾಕೆ ಬಿಟ್ಟುಬಿಡುತ್ತವೋ!

ಆ ಶಾಲೆ ನರಸಿಂಹಯ್ಯನವರಿಗೆ ಏನು ಕೊಟ್ಟಿತು? ಒಂದು ಪ್ರಸಂಗವನ್ನು ಹೇಳಿದರೆ ಸಾಕು. 1936ರ ಬೇಸಿಗೆಯಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ನಂದಿ ಬೆಟ್ಟದಲ್ಲಿದ್ದರು. ಆ ವರ್ಷ ಅವರು ನ್ಯಾಷನಲ್ ಹೈಸ್ಕೂಲಿಗೆ ಬಂದರು, ಹಿಂದಿಯಲ್ಲಿ ಮಾತನಾಡಿದರು. ಪಕ್ಕದಲ್ಲಿ ನಿಂತು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದ್ದು ಹದಿನಾರು ವರ್ಷದ ನರಸಿಂಹಯ್ಯ.

ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಹುಡುಗ ಪೇಟೆಯವನಲ್ಲ. ಬಡವ. ಶಾಲೆಗೆ ಬಂದು ಒಂದು ವರ್ಷವೂ ಆಗಿತ್ತೋ ಇಲ್ಲವೋ. ಬಸವನಗುಡಿಯಲ್ಲಿ ವಕೀಲರ ಮಕ್ಕಳಿದ್ದರು, ಅಮಲ್ದಾರರ ಮಕ್ಕಳಿದ್ದರು. ದೇಶವೇ ಕಿವಿಗೊಟ್ಟು ಕೇಳುವ ವ್ಯಕ್ತಿ ಶಾಲೆಗೆ ಬಂದಾಗ ವೇದಿಕೆಯ ಮೇಲೆ ಯಾರನ್ನು ನಿಲ್ಲಿಸಬೇಕೆಂಬುದು ಯಾವ ಹೆಡ್ಮಾಸ್ತರರಿಗೂ ಸಣ್ಣ ಪ್ರಶ್ನೆಯಲ್ಲ. ದೊಡ್ಡ ಮನೆಯ ಹುಡುಗನನ್ನು ನಿಲ್ಲಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಹಳ್ಳಿಯಿಂದ ನಡೆದು ಬಂದವನನ್ನು ನಿಲ್ಲಿಸಿದರು. ಇವತ್ತು ನಮ್ಮ ಶಾಲೆಗಳ ವಾರ್ಷಿಕೋತ್ಸವದಲ್ಲಿ ಮೈಕು ಯಾರ ಕೈಗೆ ಹೋಗುತ್ತದೆ, ಸ್ವಾಗತ ಭಾಷಣ ಯಾರ ಮಗಳಿಗೆ ಸಿಗುತ್ತದೆ ಎಂಬುದನ್ನು ಗಮನಿಸಿದ ಪಾಲಕರಿಗೆ ಇದರ ಬೆಲೆ ವಿವರಿಸಬೇಕಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡಬಹುದು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ. 1942ರಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿಗೆ ಧುಮುಕಿ ಓದು ನಿಂತಿತು, ಸೆರೆಮನೆ ಕಂಡರು. ಹೊರಗೆ ಬಂದು ಓದು ಮುಗಿಸಿ, 1946ರಲ್ಲಿ ಎಂ.ಎಸ್ಸಿ. ಆದ ಮೇಲೆ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಆ ಕಾಲೇಜು ಹುಟ್ಟಿ ಆಗ ಒಂದೇ ವರ್ಷ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜ ಭೌತವಿಜ್ಞಾನದಲ್ಲಿ 1960ರಲ್ಲಿ ಪಿಎಚ್.ಡಿ. ಪಡೆದರು. ವಯಸ್ಸು ನಲವತ್ತು. ಅಲ್ಲೇ ಉಳಿಯಬಹುದಾಗಿತ್ತು. ಮರಳಿ ಬಂದು 1961ರಲ್ಲಿ ಅದೇ ಕಾಲೇಜಿಗೆ ಪ್ರಿನ್ಸಿಪಾಲರಾದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. 1984ರಲ್ಲಿ ಪದ್ಮಭೂಷಣ ಬಂತು. ಇಷ್ಟೆಲ್ಲ ಆದರೂ ವಾಸ ಮಾತ್ರ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಕುಲಪತಿಯಾಗಿದ್ದಾಗಲೂ ಖಾದಿ ಪಂಚೆ, ಜುಬ್ಬ, ಟೋಪಿ, ಅದೇ ಕೋಣೆ. 2005ರ ಜನವರಿ 31ರಂದು ಅವರು ತೀರಿಕೊಂಡರು.

ಅವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಬಗ್ಗೆ ಹೈಸ್ಕೂಲು ಮಕ್ಕಳಿಗೆ ಗೊತ್ತಿರುವುದು ಒಳ್ಳೆಯದು. ವಾರಕ್ಕೊಂದು ದಿನ ಸಂಜೆ ಕಾಲೇಜಿನ ಸಭಾಂಗಣದಲ್ಲಿ ವಿಜ್ಞಾನದ ಒಂದು ಉಪನ್ಯಾಸ, ಬರುವವರು ಯಾರು ಬೇಕಾದರೂ ಆಗಬಹುದು, ಟಿಕೆಟ್ಟಿಲ್ಲ. ವಿಜ್ಞಾನಿ ಮಾತು ಮುಗಿಸಿದ ಮೇಲೆ ಪ್ರಶ್ನೆ ಕೇಳಬಹುದು. ಎಚ್ಚೆನ್ ಅವರಿಗೆ ಪ್ರಶ್ನೆಯೇ ಮುಖ್ಯ. 1976ರಲ್ಲಿ ಕುಲಪತಿಯಾಗಿದ್ದಾಗ ಪವಾಡಗಳನ್ನೂ ಪರಿಶೀಲನೆಗೆ ಸಿಗುವಂಥ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ವಿಶ್ವವಿದ್ಯಾಲಯದಿಂದಲೇ ಒಂದು ಸಮಿತಿ ಮಾಡಿದರು. ದೊಡ್ಡ ಗದ್ದಲವಾಯಿತು. ಭಕ್ತರು ಸಿಟ್ಟಾದರು. ಅವರು ಹೇಳುತ್ತಿದ್ದುದರ ಸಾರಾಂಶ ಪ್ರಯೋಗಶಾಲೆಯ ಮೊದಲ ಪಾಠವೇ: ಒಬ್ಬನು ಮಾಡಿದ್ದನ್ನು ಎಲ್ಲರ ಕಣ್ಣೆದುರು ಇನ್ನೊಮ್ಮೆ ಮಾಡಿ ತೋರಿಸಬೇಕು. ಎಂಟನೆಯ ತರಗತಿಯ ಹುಡುಗ ಲಿಟ್ಮಸ್ ಕಾಗದ ಕೆಂಪಾಯಿತೆಂದರೆ ಮೇಷ್ಟ್ರು ‘ಎಲ್ಲಿ, ತೋರಿಸು’ ಅನ್ನುವುದಿಲ್ಲವೇ, ಹಾಗೆ.

ಇದಕ್ಕಿಂತಲೂ ಈ ಅಂಕಣಕ್ಕೆ ಹತ್ತಿರವಾದ ಕೆಲಸವೊಂದನ್ನು ಅವರು ಮಾಡಿದರು. ತಾವು ಬಂದ ದಾರಿಯನ್ನು ಮರೆಯಲಿಲ್ಲ. ನ್ಯಾಷನಲ್ ಶಿಕ್ಷಣ ಸಂಸ್ಥೆಯ ಶಾಲೆ ಕಾಲೇಜುಗಳು ಬೆಂಗಳೂರಿನಲ್ಲೇ ಬೆಳೆಯಬಹುದಿತ್ತು. ಜಾಗವಿತ್ತು, ಬೇಡಿಕೆಯೂ ಇತ್ತು. ಅವರು ಅದನ್ನು ಗೌರಿಬಿದನೂರಿಗೆ ಕೊಂಡೊಯ್ದರು, ಬಾಗೇಪಲ್ಲಿಗೆ ಕೊಂಡೊಯ್ದರು. ಮಳೆ ಕಡಿಮೆ, ಬಡತನ ಹೆಚ್ಚು ಎಂಬ ಸೀಮೆ ಅದು. ಅಲ್ಲಿಯ ಹುಡುಗ ಹುಡುಗಿಯರು ಓದಿಗಾಗಿ ಬೆಂಗಳೂರಿನವರೆಗೆ ನಡೆಯಬೇಕಾಗಿಲ್ಲ ಎಂದಾಯಿತು. ಅವರ ಆತ್ಮಕಥೆಯ ಹೆಸರು ‘ಹೋರಾಟದ ಹಾದಿ’. ಶಾಲೆಯ ಗ್ರಂಥಾಲಯದಲ್ಲಿದ್ದರೆ ಮಕ್ಕಳು ಕೇಳಿ ಪಡೆದು ಓದಬೇಕು. ಇಲ್ಲದಿದ್ದರೆ ತರಿಸಿರೆಂದು ಕೇಳಬೇಕು.

ಈಗ ಅದೇ ಬಸವನಗುಡಿಯ ಇನ್ನೊಂದು ಹೈಸ್ಕೂಲಿಗೆ ಬರೋಣ. ಅಲ್ಲಿಂದ ದಾರಿ ನೇರವಾಗಿ ಜಕ್ಕೂರಿಗೆ ಮರಳುತ್ತದೆ. ಎಚ್ಚೆನ್ ನಡೆದು ಬಂದ ಕೆಲವು ವರ್ಷಗಳ ನಂತರ ಅಲ್ಲಿನ ಆಚಾರ್ಯ ಪಾಠಶಾಲೆಯ ಹೈಸ್ಕೂಲಿನಲ್ಲಿ ಇನ್ನೊಬ್ಬ ಹುಡುಗ ಓದಿದ. ಇವನು ಬಡವನಲ್ಲ. ಅಪ್ಪ ಶಾಲಾ ಇನ್ಸ್‌ಪೆಕ್ಟರು; ಮೊದಲ ಪಾಠಗಳನ್ನು ಮನೆಯಲ್ಲಿ ಅಮ್ಮನೇ ಹೇಳಿಕೊಟ್ಟಿದ್ದರು. 1940ರಲ್ಲಿ ಆರನೆಯ ವಯಸ್ಸಿಗೆ ನೇರವಾಗಿ ಮಿಡ್ಲ್ ಸ್ಕೂಲು ಸೇರಿದ. ತರಗತಿಗೆಲ್ಲ ಚಿಕ್ಕವನು, ಆದರೂ ದೊಡ್ಡವರಿಗೆ ಲೆಕ್ಕ ಹೇಳಿಕೊಡುತ್ತಿದ್ದ. 1944ರಲ್ಲಿ ಲೋಯರ್ ಸೆಕೆಂಡರಿ ಪರೀಕ್ಷೆಯನ್ನು ಪ್ರಥಮ ದರ್ಜೆಯಲ್ಲಿ ಪಾಸು ಮಾಡಿದ. ಅಪ್ಪ ಕೊಟ್ಟ ಬಹುಮಾನ ನಾಲ್ಕಾಣೆ. 1947ರಲ್ಲಿ ಎಸ್.ಎಸ್.ಎಲ್.ಸಿ. ಈ ಹುಡುಗ ಸಿ.ಎನ್.ಆರ್. ರಾವ್. ರಸಾಯನಶಾಸ್ತ್ರದಲ್ಲಿ ಆಸಕ್ತಿಯ ಬೇರು ಇಳಿದದ್ದು ಆ ಹೈಸ್ಕೂಲಿನಲ್ಲಿ. 1989ರಲ್ಲಿ ಅವರ ಮುಂದಾಳತ್ವದಲ್ಲಿ ಶುರುವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ನೆಲೆಯೂರಿದ್ದು ಜಕ್ಕೂರಿನಲ್ಲಿ. 2014ರಲ್ಲಿ ಅವರು ಭಾರತ ರತ್ನ ಸ್ವೀಕರಿಸಿದರು.

ಪಾಲಕರು ಇಲ್ಲಿ ಕಿವಿ ನಿಮಿರಿಸಬೇಕಾದ ಮಾತೊಂದಿದೆ. ರಾವ್ ಅವರ ತಂದೆ ಮಗನನ್ನು ಹಾಕಿದ್ದು ಕನ್ನಡ ಮಾಧ್ಯಮಕ್ಕೆ. ತಾಯಿನುಡಿ ಗಟ್ಟಿಯಾಗಲಿ ಎಂದು. ಮನೆಯಲ್ಲಿ ಮಾತ್ರ ಅವನೊಡನೆ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದರು. ನಾವು ಇವತ್ತು ಮಾಡುವುದು ಸರಿಯಾಗಿ ಇದರ ತಿರುಗು. ಶಾಲೆಯಲ್ಲಿ ಇಂಗ್ಲಿಷು, ಮನೆಯಲ್ಲಿ ಅರ್ಧ ಕನ್ನಡ ಅರ್ಧ ಇಂಗ್ಲಿಷು. ಮಗುವಿಗೆ ಎರಡೂ ಅರ್ಧ. ಹಾಗೆಂದು ಎಲ್ಲರೂ ಕನ್ನಡ ಮಾಧ್ಯಮಕ್ಕೇ ಹೋಗಬೇಕೆಂದು ಒತ್ತಾಯ ಮಾಡಲು ಬರುವುದಿಲ್ಲ. ರಾವ್ ಅವರ ಮನೆಯಲ್ಲಿ ಇಂಗ್ಲಿಷ್ ಬಲ್ಲ ಅಪ್ಪ ಇದ್ದರು. ಎಲ್ಲ ಮನೆಗಳಲ್ಲೂ ಇರುವುದಿಲ್ಲ. ಗಾರೆ ಕೆಲಸಕ್ಕೆ ಹೋಗುವ ತಾಯಿ ಮಗಳಿಗೆ ಶಾಲೆಯಲ್ಲಾದರೂ ಇಂಗ್ಲಿಷು ಸಿಗಲಿ ಎಂದು ಹಂಬಲಿಸಿದರೆ ಅವಳನ್ನು ಆಕ್ಷೇಪಿಸುವುದು ಹೇಗೆ? 2014ರಲ್ಲಿ ಸುಪ್ರೀಂ ಕೋರ್ಟು ಕೂಡ ಮಾಧ್ಯಮದ ಆಯ್ಕೆ ಪೋಷಕರದೇ, ಸರ್ಕಾರ ಹೇರುವಂತಿಲ್ಲ ಎಂದಿತು. ತೊಂದರೆಯೇನೆಂದರೆ, ಹೈಸ್ಕೂಲು ಆರಿಸುವಾಗ ಕೇಳುವ ಮೊದಲ ಪ್ರಶ್ನೆಯೂ ಅದೇ, ಕೊನೆಯ ಪ್ರಶ್ನೆಯೂ ಅದೇ ಆಗಿಬಿಟ್ಟಿದೆ.

ಕೇಳಬೇಕಾದ ಬೇರೆ ಪ್ರಶ್ನೆಗಳಿವೆ. ಅರ್ಜಿ ತರಲು ಹೋದ ದಿನ ಪ್ರಯೋಗಶಾಲೆ ನೋಡಬೇಕೆಂದು ಕೇಳಿ. ಬೀಗದ ಕೈ ಹುಡುಕಲು ಜವಾನ ಕಾಲು ಗಂಟೆ ತೆಗೆದುಕೊಂಡರೆ ಅದೇ ಉತ್ತರ. ಪ್ರನಾಳಗಳ ಮೇಲೆ ಧೂಳಿದೆಯೇ, ಮಸೂರಗಳು ಡಬ್ಬಿಯಲ್ಲೇ ಇವೆಯೇ, ಲೋಲಕ ತೂಗುಹಾಕಲು ಒಂದು ಮೊಳೆಯಾದರೂ ಇದೆಯೇ? ವಿಜ್ಞಾನ ಕಲಿಸುವವರು ವಿಜ್ಞಾನವನ್ನೇ ಓದಿದವರೇ, ಅಥವಾ ಖಾಲಿ ಪಿರಿಯಡ್ಡಿಗೆ ಸಿಕ್ಕವರೇ? ಆಟದ ಬಯಲಿದೆಯೇ? (ಅನಿಲ್ ಕುಂಬ್ಳೆ ಹೈಸ್ಕೂಲು ಓದಿದ್ದೂ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲೇ, ಆಮೇಲೆ ಇಂಜಿನಿಯರಿಂಗನ್ನೂ ಮುಗಿಸಿದರು. ಆಟ ಆಡಿದರೆ ಓದು ಹಾಳು ಎನ್ನುವವರು ನೆನಪಿಡಬಹುದು.) ಕಟ್ಟಡದ ಗಾಜು, ಬಸ್ಸಿನ ಬಣ್ಣ, ಬೋರ್ಡಿನ ಮೇಲಿನ ‘ಇಂಟರ್‌ನ್ಯಾಷನಲ್’ ಎಂಬ ಪದ ಇವುಗಳಿಂದ ಓಮನ ನಿಯಮ ಯಾರಿಗೂ ಅರ್ಥವಾಗಿಲ್ಲ.

ಇದಿಷ್ಟು ಆರಿಸಿಕೊಳ್ಳುವ ಅನುಕೂಲವಿದ್ದವರ ಮಾತು. ಇಲ್ಲದವರಿಗೆ ಇವತ್ತಿಗೂ ಕಷ್ಟ ಶುರುವಾಗುವುದು ಹೆಚ್ಚುಕಡಿಮೆ ಹೊಸೂರಿನ ಹುಡುಗನಿಗೆ ಶುರುವಾದ ಜಾಗದಲ್ಲಿಯೇ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ, ಎಂಟನೆಯ ತರಗತಿಯವರೆಗೆ ಅನ್ವಯಿಸುತ್ತದೆ. ಒಂಬತ್ತು, ಹತ್ತು ಅದರ ಹೊರಗೆ. ನಮ್ಮ ರಾಜ್ಯದ ಪದ್ಧತಿಯಲ್ಲಿ ಹೈಸ್ಕೂಲೆಂದರೆ ಎಂಟು, ಒಂಬತ್ತು, ಹತ್ತು. ಮೂರು ಮೆಟ್ಟಿಲಿನಲ್ಲಿ ಒಂದಕ್ಕೆ ಮಾತ್ರ ಕಾನೂನಿನ ಆಸರೆ. ಇಂಗ್ಲೆಂಡಿನಲ್ಲಿ 2015ರಿಂದ ಮಕ್ಕಳು ಹದಿನೆಂಟು ತುಂಬುವವರೆಗೂ ಓದಿನಲ್ಲೋ ತರಬೇತಿಯಲ್ಲೋ ಇರಲೇಬೇಕು. ನಮ್ಮದು ಹದಿನಾಲ್ಕರಲ್ಲಿ ನಿಂತಿದೆ; ಅವರು 1935ರಲ್ಲಿ ನಿಂತಿದ್ದ ವಯಸ್ಸಿನಲ್ಲಿ.

ಇದು ಯಾರಿಗೆ ತಟ್ಟುತ್ತದೆ? ಕಾಯ್ದೆಯ ಶೇಕಡಾ 25ರ ಮೀಸಲಿನಲ್ಲಿ ಖಾಸಗಿ ಶಾಲೆ ಸೇರಿದ ಮಕ್ಕಳಿಗೆ ಮೊದಲು ತಟ್ಟುತ್ತದೆ. ಕರ್ನಾಟಕದಲ್ಲಿ ಈ ಪ್ರವೇಶ ಶುರುವಾದದ್ದು 2012ರಲ್ಲಿ. 2019ರಲ್ಲಿ ನಿಯಮ ಬದಲಾಗಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದ ಕಡೆ ಖಾಸಗಿ ಶಾಲೆಯ ಸೀಟು ಸಿಗದಂತಾಯಿತು. ಅದಕ್ಕೆ ಮೊದಲು ಸೇರಿದ ಮಕ್ಕಳು ವರ್ಷ ವರ್ಷವೂ ಎಂಟನೆಯದನ್ನು ಮುಗಿಸುತ್ತಾ ಬಂದಿದ್ದಾರೆ. ಒಂಬತ್ತನೆಯದಕ್ಕೆ ಕಾಲಿಟ್ಟ ಕೂಡಲೇ ಪೂರ್ತಿ ಫೀಸು ಕಟ್ಟಬೇಕು. ಎಂಟು ವರ್ಷ ಅದೇ ಬೆಂಚಿನಲ್ಲಿ ಕೂತ ಮಗುವಿಗೆ ರಜೆ ಕಳೆದು ಬರುವಷ್ಟರಲ್ಲಿ ಶಾಲೆ ಪರಕೀಯ. ಫೀಸು ಹೊಂದಿಸಲಾಗದವರು ಮಗುವನ್ನು ಸರ್ಕಾರಿ ಅಥವಾ ಅನುದಾನಿತ ಹೈಸ್ಕೂಲಿಗೆ ಸೇರಿಸುತ್ತಾರೆ. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆದರೆ ಒಂಬತ್ತನೆಯದರಲ್ಲಿ ಶಾಲೆ, ಸ್ನೇಹಿತರು, ಕೆಲವೊಮ್ಮೆ ಮಾಧ್ಯಮವೂ ಬದಲಾದರೆ ಹತ್ತನೆಯದಕ್ಕೆ ಉಳಿಯುವ ಸಮಯ ಕಡಿಮೆ. ಬದಲಾಯಿಸಲೇಬೇಕೆಂದು ಮೊದಲೇ ಗೊತ್ತಿದ್ದರೆ, ಏಳನೆಯದು ಮುಗಿದಾಗಲೇ, ಹೈಸ್ಕೂಲು ಶುರುವಾಗುವ ಎಂಟನೆಯದಕ್ಕೇ ಬದಲಾಯಿಸುವುದನ್ನು ಯೋಚಿಸಬಹುದು. ಅದಕ್ಕೆ ಇನ್ನೊಂದು ಕಾರಣವೂ ಇದೆ, ಮುಂದೆ ಹೇಳಿದೆ.

ಹಳ್ಳಿಗಳ ಕಡೆ ತೊಡಕು ಫೀಸಿನದಲ್ಲ, ದೂರದ್ದು. ಊರಿನ ಶಾಲೆ ಏಳಕ್ಕೋ ಎಂಟಕ್ಕೋ ಮುಗಿಯುತ್ತದೆ. ಹೈಸ್ಕೂಲು ಇನ್ನೆಲ್ಲೋ ಇರುತ್ತದೆ. ಹುಡುಗನಾದರೆ ಹೇಗೋ ಹೋಗುತ್ತಾನೆ ಎಂದು ಬಿಡುತ್ತಾರೆ, ಹುಡುಗಿಯಾದರೆ ಬೇಡವೆನ್ನುತ್ತಾರೆ. ಇದನ್ನು ಅರಿತೇ 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿತು. ಸೈಕಲ್ಲಿನ ಗುಣಮಟ್ಟದ ಬಗ್ಗೆ ತಕರಾರುಗಳಿದ್ದವು, ನಿಜ. ಆದರೂ ಬೆಳಗಿನ ಹೊತ್ತು ಸಾಲಾಗಿ ಸೈಕಲ್ ತುಳಿದು ಹೋಗುವ ಸಮವಸ್ತ್ರದ ಹುಡುಗಿಯರನ್ನು ಕಂಡವರಿಗೆ ಯೋಜನೆಯ ಅರ್ಥ ತಿಳಿಯುತ್ತಿತ್ತು. ಅವೇ 80 ಕಿಲೋಮೀಟರನ್ನು ಸೈಕಲ್ಲಿನಲ್ಲಿ ಗಂಟೆಗೆ ಹನ್ನೆರಡರಂತೆ ಲೆಕ್ಕ ಹಾಕಿ ನೋಡಿ, ಏಳು ಗಂಟೆಯೊಳಗೆ ಮುಗಿಯುತ್ತದೆ. ಕೋವಿಡ್ ಬಂದ 2020ರಲ್ಲಿ ಆ ಸೈಕಲ್ ನಿಂತಿತು.

ಉಳಿದಿರುವ ಒಂದು ನೆರವಿನ ಬಗ್ಗೆ ಪ್ರತಿ ಪಾಲಕರೂ ತಿಳಿದಿರಬೇಕು. ಎಂಟನೆಯದರ ನಂತರ ಮಕ್ಕಳು ಶಾಲೆ ಬಿಡುವುದನ್ನು ತಡೆಯಲೆಂದೇ ಕೇಂದ್ರ ಸರ್ಕಾರ 2008ರಲ್ಲಿ ಒಂದು ವಿದ್ಯಾರ್ಥಿವೇತನ ಆರಂಭಿಸಿತು. ಶಾಲೆಗಳಲ್ಲಿ ಅದನ್ನು ‘ಎನ್.ಎಂ.ಎಂ.ಎಸ್.’ ಎನ್ನುತ್ತಾರೆ. ಎಂಟನೆಯ ತರಗತಿಯಲ್ಲಿರುವಾಗ ಪರೀಕ್ಷೆ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ಮಗುವಿನ ಖಾತೆಗೆ. ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಏಳನೆಯ ತರಗತಿಯಲ್ಲಿ ಶೇಕಡಾ 55 ಅಂಕ ಬಂದಿರಬೇಕು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಇದರಲ್ಲಿ ಐದು ಅಂಕದ ರಿಯಾಯಿತಿ. ಪ್ರಶ್ನೆಪತ್ರಿಕೆ ಎರಡು: ಒಂದು ಬುದ್ಧಿಶಕ್ತಿಯದು, ಇನ್ನೊಂದು ಪಾಠಗಳದು, ಒಂದೊಂದರಲ್ಲಿ 90 ಪ್ರಶ್ನೆ. ಮೊದಲನೆಯದಕ್ಕೆ ಟ್ಯೂಷನ್ ಬೇಕಾಗಿಲ್ಲ; ಹಳೆಯ ಪತ್ರಿಕೆಗಳನ್ನು ಗಡಿಯಾರ ಎದುರಿಗಿಟ್ಟುಕೊಂಡು ಬಿಡಿಸಿದರೆ ಸಾಕು. ಎರಡನೆಯದಕ್ಕೆ ಏಳು, ಎಂಟರ ಗಣಿತ, ವಿಜ್ಞಾನ, ಸಮಾಜ ಪಠ್ಯಗಳೇ ಆಧಾರ.

ಇದು ಸರ್ಕಾರಿ, ಸ್ಥಳೀಯ ಸಂಸ್ಥೆಗಳ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಮಾತ್ರ. ಶೇಕಡಾ 25ರ ಮೀಸಲಿನಲ್ಲಿ ಖಾಸಗಿ ಶಾಲೆಯಲ್ಲಿರುವ ಬಡ ಮಗು ಇದಕ್ಕೆ ಕೂರುವಂತಿಲ್ಲ. ಅತ್ತ ಎಂಟರ ನಂತರ ಫೀಸು ಮಾಫಿ ಇಲ್ಲ, ಇತ್ತ ವಿದ್ಯಾರ್ಥಿವೇತನವೂ ಇಲ್ಲ. ಎರಡು ಯೋಜನೆಗಳ ನಡುವಿನ ಸಂದಿಯಲ್ಲಿ ಬೀಳುವ ಮಗು ಇದೇ. ಕಾನೂನು ಬರೆದವರು ಒಂದೇ ಮೇಜಿನ ಸುತ್ತ ಕುಳಿತಿದ್ದರೆ ಹೀಗಾಗುತ್ತಿರಲಿಲ್ಲವೇನೋ. ಎಂಟನೆಯದಕ್ಕೇ ಸರ್ಕಾರಿ ಅಥವಾ ಅನುದಾನಿತ ಹೈಸ್ಕೂಲಿಗೆ ಹೋಗುವುದನ್ನು ಯೋಚಿಸಬಹುದು ಎಂದದ್ದು ಈ ಕಾರಣಕ್ಕಾಗಿ. ಒಂದು ವರ್ಷದ ಉಚಿತ ಸೀಟನ್ನು ಬಿಟ್ಟು ನಾಲ್ಕು ವರ್ಷದ ವಿದ್ಯಾರ್ಥಿವೇತನಕ್ಕೆ ಪೈಪೋಟಿ ಮಾಡುವ ಲೆಕ್ಕ ಅದು. ಆಯ್ಕೆ ಖಚಿತವೇನಲ್ಲ, ಆದ್ದರಿಂದ ಆ ವರ್ಷದ ಸುತ್ತೋಲೆಯನ್ನು ಓದಿ, ಸೇರಬೇಕೆಂದಿರುವ ಹೈಸ್ಕೂಲಿನ ಮುಖ್ಯೋಪಾಧ್ಯಾಯರನ್ನು ಕಂಡು ಮಾತನಾಡಿಯೇ ತೀರ್ಮಾನಿಸಬೇಕು.

ಪರೀಕ್ಷೆಗೆ ಅರ್ಜಿ ಹೋಗುವುದು ಶಾಲೆಯ ಮೂಲಕ. ಮಗು ಎಂಟನೆಯದಕ್ಕೆ ಸೇರಿದ ಮೊದಲ ತಿಂಗಳಲ್ಲೇ ತರಗತಿ ಶಿಕ್ಷಕರಿಗೆ ಹೇಳಿಡಬೇಕು. ವರಮಾನದ ಸರ್ಟಿಫಿಕೇಟು, ಮಗುವಿನ ಹೆಸರಿನಲ್ಲಿ ಬ್ಯಾಂಕ್ ಖಾತೆ ಮೊದಲೇ ಮಾಡಿಸಿಟ್ಟಿರಬೇಕು. ಆಯ್ಕೆಯಾದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಬೇಕು, ಪ್ರತಿ ವರ್ಷ ನವೀಕರಿಸಬೇಕು. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರಿದ್ದರೆ ಹಣ ಬರುವುದಿಲ್ಲ. ಏಳನೆಯದರ ವರ್ಗಾವಣೆ ಪತ್ರ ಕೈಗೆ ಬಂದ ದಿನವೇ ಅದನ್ನೊಮ್ಮೆ ಅಕ್ಷರ ಅಕ್ಷರ ಹೋಲಿಸಿ ನೋಡಿಕೊಳ್ಳುವುದು ಒಳ್ಳೆಯದು.